ಮನೆಯೊಳಗಿನ ಗಾಳಿ ಮತ್ತು ಕೆಮಿಕಲ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗಿಗಿಂತ ಮನೆಯೊಳಗಿನ ಗಾಳಿಯೇ ಹೆಚ್ಚು ಕೆಟ್ಟಿರುತ್ತದೆ ಅಂತಾರೆ. ನಿಜವಾ?

ಎಷ್ಟೋ ಸಲ ನಿಜ. 1980ರ ದಶಕದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಜನರ ಮನೆಗಳೊಳಗೆ ಗಾಳಿಯನ್ನು ಅಳೆದು ನೋಡಿತು. ಹನ್ನೆರಡರಷ್ಟು ಸಾಮಾನ್ಯ ರಾಸಾಯನಿಕಗಳು ಹೊರಗಿಗಿಂತ ಒಳಗೇ 2ರಿಂದ 5 ಪಟ್ಟು ಜಾಸ್ತಿ ಇದ್ದವು. ಮನೆ ಹಳ್ಳಿಯಲ್ಲಿದ್ದರೂ ಅಷ್ಟೇ, ಕಾರ್ಖಾನೆಗಳ ನಡುವೆ ಇದ್ದರೂ ಅಷ್ಟೇ. ಕಾರಣ ಸರಳ. ಹೊರಗೆ ಬಿಟ್ಟ ಆವಿ ಚದುರಿ ಹೋಗುತ್ತದೆ. ಒಳಗೆ ಬಿಟ್ಟದ್ದು ಅಲ್ಲೇ ಸುತ್ತುತ್ತಿರುತ್ತದೆ.

ಹಾಗಂತ ಹೊರಗಿನ ಗಾಳಿ ಯಾವಾಗಲೂ ಒಳ್ಳೆಯದು ಅಂತಲ್ಲ. ದಟ್ಟ ಹೊಗೆ ಕವಿದ ದಿನ, ವಾಹನ ಓಡಾಡುವ ರಸ್ತೆ ಪಕ್ಕದ ಮನೆ, ಇಲ್ಲೆಲ್ಲ ಲೆಕ್ಕ ಉಲ್ಟಾ ಆಗಬಹುದು. ಅದಕ್ಕೆ ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಮನೆಯ ಗಾಳಿಯನ್ನು ಕೆಡಿಸುವುದರಲ್ಲಿ ಎರಡು ಬಗೆ. ಒಂದು ಕಣ. ಹೊಗೆ, ಧೂಳು, ಎಣ್ಣೆಯ ಸೂಕ್ಷ್ಮ ಹನಿ ಇತ್ಯಾದಿ. ಇದರಲ್ಲಿ 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಸಣ್ಣವನ್ನು ಪಿಎಂ 2.5 ಅನ್ನುತ್ತಾರೆ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇನ್ನೊಂದು ಅನಿಲ ಮತ್ತು ಆವಿ. ಪೇಂಟ್, ಅಂಟು, ಸ್ಪ್ರೇ, ಪರಿಮಳದ ವಸ್ತುಗಳಿಂದ ಏಳುವ ಆವಿಗಳಿಗೆ ವಿಒಸಿ ಎಂಬ ಒಟ್ಟು ಹೆಸರಿದೆ. ಕಣಕ್ಕೆ ಇರುವ ಮದ್ದು ಆವಿಗೆ ಆಗುವುದಿಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡನ್ನು ಒಂದೇ ಅಂದುಕೊಂಡು.

ಎಲ್ಲಿಂದ ಶುರು ಮಾಡಬೇಕು? ಏರ್ ಪ್ಯೂರಿಫೈಯರ್ ತಂದುಬಿಡಲಾ?

ಅದು ಕೊನೆಯ ಮೆಟ್ಟಿಲು. ಮನೆಯ ಗಾಳಿಯ ಬಗ್ಗೆ ಮೊದಮೊದಲು ಗಂಭೀರವಾಗಿ ಕೆಲಸ ಮಾಡಿದವರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಒಬ್ಬರು. ಕೋಣೆಯಲ್ಲಿ ಗೊಬ್ಬರದ ರಾಶಿ ಬಿದ್ದಿದ್ದರೆ ಗಾಳಿಯಾಡಿಸಿ ವಾಸನೆ ಕಳೆಯಲು ಹೋಗಬೇಡಿ, ರಾಶಿಯನ್ನೇ ಎತ್ತಿ ಹಾಕಿ ಎಂಬ ಅರ್ಥದ ಮಾತನ್ನು ಅವರು 1858ರಷ್ಟು ಹಿಂದೆಯೇ ಹೇಳಿದ್ದರು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಸಲಹೆ ಇಲ್ಲ.

ಅಂದರೆ ಮೊದಲು ಮೂಲವನ್ನು ತೆಗೆಯಿರಿ. ತೆಗೆಯಲಾಗದ್ದನ್ನು ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್ ಮೂಲಕ ಹೊರಗೆ ಕಳಿಸಿ. ಆಮೇಲೂ ಉಳಿದದ್ದಕ್ಕೆ ಯಂತ್ರ. ಸುಮ್ನೆ ಯಂತ್ರ ತಂದಿಟ್ಟು ಅದರ ಪಕ್ಕದಲ್ಲೇ ರೂಮ್ ಫ್ರೆಶ್‌ನರ್ ಹೊಡೆಯುವ ಮನೆಗಳೂ ಇವೆ!

ನನ್ನ ಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಹಾಗಾದರೆ ಗಾಳಿ ಚೆನ್ನಾಗಿದೆ ಅಂತ ತಾನೆ?

ಮೂಗನ್ನು ನಂಬಿ ಕೂರಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನೆಲದಿಂದ ಬರುವ ವಿಕಿರಣದ ಅನಿಲ ರೇಡಾನ್‌ಗೂ ಇಲ್ಲ. ಸೀಸದ ಧೂಳು ಗೊತ್ತೇ ಆಗುವುದಿಲ್ಲ. ಇನ್ನೊಂದು ಕಡೆ ಬೆಳ್ಳುಳ್ಳಿ ವಾಸನೆ ಮನೆ ತುಂಬಾ ಹರಡಿದರೂ ಅದರಿಂದ ಏನೂ ಆಗುವುದಿಲ್ಲ. ಮೇಲಾಗಿ ಮೂಗಿಗೆ ಬೇಗ ಅಭ್ಯಾಸವಾಗಿಬಿಡುತ್ತದೆ. ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಹೊಡೆಯುವ ವಾಸನೆ ಮನೆಯವರಿಗೆ ತಿಳಿಯುವುದೇ ಇಲ್ಲ. ಕೆಮಿಕಲ್ ವಾಸನೆ ಬಂದರೆ ಹುಡುಕಿ ನೋಡಿ, ಅಷ್ಟು ಸರಿ. ಬರಲಿಲ್ಲ ಅಂತ ನಿಶ್ಚಿಂತೆಯಾಗಬೇಡಿ.

ಮನೆಯಲ್ಲಿ ಗಾಳಿ ಅತಿ ಹೆಚ್ಚು ಕೆಡುವುದು ಎಲ್ಲಿ?

ಬಹುತೇಕ ಮನೆಗಳಲ್ಲಿ ಅಡುಗೆಮನೆಯಲ್ಲಿ. ಕಟ್ಟಿಗೆ, ಇದ್ದಿಲು, ಬೆರಣಿ, ಸೀಮೆಎಣ್ಣೆ ಉರಿಸುವ ಮನೆಗಳಲ್ಲಂತೂ ಬೇರೆ ಮಾತೇ ಇಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂಥ ಒಲೆ ಇದ್ದರೆ ಈ ಪುಟದ ಬೇರೆಲ್ಲ ಸಲಹೆಯನ್ನು ಪಕ್ಕಕ್ಕಿಟ್ಟು ಅದನ್ನು ಮೊದಲು ಬದಲಿಸಿ. ಆಗದಿದ್ದರೆ ಒಲೆಯನ್ನು ಹೊರಗೆ ಇಡಿ, ಇಲ್ಲವೇ ಹೊಗೆ ನೇರ ಮಾಡಿನ ಮೇಲಕ್ಕೆ ಹೋಗುವಂತೆ ಕೊಳವೆ ಕೂರಿಸಿ. ಒಣಗಿದ ಕಟ್ಟಿಗೆ ಹಸಿ ಕಟ್ಟಿಗೆಗಿಂತ ಕಮ್ಮಿ ಹೊಗೆ ಬಿಡುತ್ತದೆ.

ಗ್ಯಾಸ್ ಅಥವಾ ಕರೆಂಟ್ ಒಲೆ ಇದ್ದರೂ ಅಡುಗೆಯಿಂದ ಕಣ ಏಳುವುದು ತಪ್ಪುವುದಿಲ್ಲ. ಎಣ್ಣೆ ಹೊಗೆಯಾಡುವಷ್ಟು ಕಾದರೆ, ಏನಾದರೂ ತಳ ಹಿಡಿದು ಸೀದರೆ, ಪಿಎಂ 2.5 ಕೆಲವೇ ನಿಮಿಷಗಳಲ್ಲಿ ಹತ್ತಾರು ಪಟ್ಟು ಏರುತ್ತದೆ. ಬೇಯಿಸುವುದರಿಂದ ಕಡಿಮೆ, ಕರಿಯುವುದು ಹುರಿಯುವುದರಿಂದ ಜಾಸ್ತಿ. ಹಾಗಾಗಿ ಚಿಮ್ನಿ ಅಥವಾ ಎಕ್ಸಾಸ್ಟ್ ಫ್ಯಾನನ್ನು ಹೊಗೆ ಕಂಡ ಮೇಲೆ ಹಾಕುವುದಲ್ಲ, ಒಲೆ ಹಚ್ಚುವ ಮೊದಲೇ ಹಾಕಬೇಕು. ಒಲೆ ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲಿ. ಹಿಂದಿನ ಬರ್ನರ್ ಮೇಲೆ ಅಡುಗೆ ಮಾಡಿದರೆ ಚಿಮ್ನಿ ಹೊಗೆಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಯಾಕೆಂದರೆ ಮುಂದಿನ ಬರ್ನರ್ ಹಲವು ಚಿಮ್ನಿಗಳ ಅಂಚಿನಿಂದ ಆಚೆ ಬಂದಿರುತ್ತದೆ.

ಒಂದು ಎಚ್ಚರಿಕೆ. ಕೊಳವೆಯೇ ಇಲ್ಲದ, ಗಾಳಿಯನ್ನು ಸೋಸಿ ಅಲ್ಲೇ ಮತ್ತೆ ಬಿಡುವ ಚಿಮ್ನಿಗಳಿವೆ. ಅವು ಎಣ್ಣೆ ಜಿಡ್ಡನ್ನು ಹಿಡಿಯುತ್ತವೆ, ಅನಿಲಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಗ್ಯಾಸ್ ಸ್ಟೌವ್‌ನಲ್ಲೂ ತೊಂದರೆ ಇದೆಯಾ?

ಕಟ್ಟಿಗೆಗೆ ಹೋಲಿಸಿದರೆ ಎಷ್ಟೋ ವಾಸಿ. ಆದರೆ ಪೂರ್ತಿ ಸ್ವಚ್ಛ ಅಲ್ಲ. ಗ್ಯಾಸ್ ಉರಿಯುವಾಗ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಅಸ್ತಮಾ ಇರುವ ಮಕ್ಕಳಿಗೆ ಇದು ಒಳ್ಳೆಯದಲ್ಲ. ಕ್ಯಾನ್ಸರ್ ತರುವ ಬೆಂಜೀನ್ ಕೂಡ ಬರುತ್ತದೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು. ಇಂಡಕ್ಷನ್ ಒಲೆಯಲ್ಲಿ ಉರಿಯೇ ಇಲ್ಲವಾದ್ದರಿಂದ ಈ ಎರಡೂ ಇಲ್ಲ. ಒಲೆ ಬದಲಿಸುವ ಅನುಕೂಲ ಇಲ್ಲದಿದ್ದರೆ ಕಿಟಕಿ ತೆರೆದು ಫ್ಯಾನ್ ಹಾಕಿ. ಜ್ವಾಲೆ ನೀಲಿಯಾಗಿರಲಿ. ಹಳದಿಯಾಗಿ ಉರಿದು ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ಕ್ಲೀನ್ ಮಾಡಿಸಬೇಕು. ಚಳಿಗೆ ಬೆಚ್ಚಗಿರಲಿ ಅಂತ ಗ್ಯಾಸ್ ಒಲೆ ಉರಿಸಿ ಕೂರುವುದು ಬೇಡವೇ ಬೇಡ.

ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬರುತ್ತದೆ, ಹೊರಗೆ ಹೋದರೆ ಹೋಗುತ್ತದೆ. ಇದೇನು?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್ ಇರಬಹುದು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆ ಸುತ್ತು, ಹೊಟ್ಟೆ ತೊಳಸುವುದು, ಮಂಪರು ಇದರ ಲಕ್ಷಣ. ಜ್ವರ ಇರುವುದಿಲ್ಲ. ತಕ್ಷಣ ಎಲ್ಲರೂ ಹೊರಗೆ ಬನ್ನಿ. ಆಮೇಲೆ ವೈದ್ಯರ ಬಳಿ ಹೋಗಿ.

ಬಾತ್‌ರೂಮಿನೊಳಗೆ ಕೂರಿಸಿದ ಗ್ಯಾಸ್ ಗೀಸರ್, ಕೋಣೆಯಲ್ಲಿ ಹಚ್ಚಿಟ್ಟ ಇದ್ದಿಲಿನ ಒಲೆ, ಗ್ಯಾರೇಜಿನಲ್ಲಿ ಚಾಲೂ ಇಟ್ಟ ಕಾರು, ಮನೆಗೆ ತಾಗಿ ಓಡಿಸುವ ಜನರೇಟರ್, ಇವೇ ಮಾಮೂಲಿ ಕಾರಣ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಲಿ, ಅದರ ಹೊಗೆ ಕೊಳವೆ ಮನೆಯ ಕಡೆ ತಿರುಗಿರಬಾರದು. ಉರಿಯುವ ವಸ್ತು ಇರುವ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು, ಅದೂ ಮಲಗುವ ಕೋಣೆಯ ಹತ್ತಿರ. ನನ್ನನ್ನು ಕೇಳಿದರೆ ಏರ್ ಪ್ಯೂರಿಫೈಯರ್‌ಗೆ ಮೊದಲು ಇದನ್ನು ಕೊಳ್ಳಿ. ಪ್ಯೂರಿಫೈಯರ್ ಈ ಅನಿಲವನ್ನು ತೆಗೆಯುವುದೇ ಇಲ್ಲ.

ಹೊಸ ಕಪಾಟು, ಹೊಸ ಮಂಚದಿಂದ ಕಣ್ಣು ಉರಿಯುವಂಥ ವಾಸನೆ ಬರುತ್ತಿದೆ. ಏನು ಮಾಡಲಿ?

ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳಲ್ಲಿ ಮರದ ಪುಡಿಯನ್ನೋ ಪದರವನ್ನೋ ಹಿಡಿದಿಡುವುದು ಅಂಟು. ಅದರಲ್ಲಿ ಹೆಚ್ಚಿನದು ಯೂರಿಯಾ ಫಾರ್ಮಾಲ್ಡಿಹೈಡ್. ಅದು ನಿಧಾನವಾಗಿ ಒಡೆದು ಫಾರ್ಮಾಲ್ಡಿಹೈಡ್ ಅನಿಲವಾಗಿ ಹೊರಬರುತ್ತದೆ. ಕಣ್ಣು, ಮೂಗು, ಗಂಟಲು ಉರಿಯುವುದು ಇದರಿಂದಲೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಇದು 30 ನಿಮಿಷದ ಸರಾಸರಿಯಲ್ಲಿ ಘನ ಮೀಟರ್‌ಗೆ 0.1 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ ಮಿತಿ.

ಮೊದಲ ಕೆಲವು ತಿಂಗಳು ಅನಿಲ ಜಾಸ್ತಿ ಬರುತ್ತದೆ. ಆಮೇಲೆ ಇಳಿಯುತ್ತದೆ, ಆದರೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಸೆಕೆ ಮತ್ತು ತೇವ ಹೆಚ್ಚಾದರೆ ಅದೂ ಹೆಚ್ಚುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬೀಗ ಹಾಕಿಟ್ಟ ಮನೆಯ ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯುವುದು.

ಮಾಡಬಹುದಾದದ್ದು ಇಷ್ಟು. ಸಾಧ್ಯವಾದರೆ ಹೊಸ ಪೀಠೋಪಕರಣವನ್ನು ಕೆಲವು ವಾರ ಯಾರೂ ಮಲಗದ, ಗಾಳಿಯಾಡುವ ಕೋಣೆಯಲ್ಲಿ ಬಾಗಿಲು ಡ್ರಾಯರ್ ತೆರೆದಿಡಿ. ಹಲಗೆಯ ಬರಿಯ ಅಂಚು, ಹಿಂಬದಿ, ಸ್ಕ್ರೂ ತೂತುಗಳನ್ನು ನೋಡಿ. ಮೇಲೆ ಲ್ಯಾಮಿನೇಟ್ ಹಚ್ಚಿ ಚಂದ ಕಂಡರೂ ಅನಿಲ ನುಸುಳುವುದು ಈ ಮುಚ್ಚದ ಜಾಗಗಳಿಂದಲೇ. ಅವಕ್ಕೆ ಎಡ್ಜ್ ಬ್ಯಾಂಡ್ ಅಥವಾ ಸೀಲರ್ ಹಚ್ಚಿಸಿ. ಬಡಗಿ ಕೆಲಸ ಮಾಡುತ್ತಿರುವಾಗಲೇ ಹೇಳಿದರೆ ಸುಲಭ. ಇನ್ನೂ ಕೊಳ್ಳಬೇಕಿದ್ದರೆ ಹಲಗೆಯ ಮೇಲೆ ಇ1 ಗುರುತು ಇದೆಯೇ ನೋಡಿ. ಯುರೋಪಿನ ಆ ದರ್ಜೆ ಅನಿಲಕ್ಕೆ ಮಿತಿ ಹಾಕುತ್ತದೆ. ಘನ ಮರ, ಲೋಹ, ಗಾಜಿನ ವಸ್ತುಗಳಲ್ಲಿ ಈ ತಲೆನೋವು ಇಲ್ಲ. ಹಳೆಯ ಮರದ ಕಪಾಟು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದರ ಹಳೇ ಬಣ್ಣದ ಬಗ್ಗೆ ಕೆಳಗೆ ಓದಿ.

ಡಬ್ಬದ ಮೇಲೆ ‘ಲೋ ವಿಒಸಿ’ ಅಂತ ಇದ್ದರೆ ಪೇಂಟ್ ಪೂರ್ತಿ ಸುರಕ್ಷಿತವಾ?

ಸಾಮಾನ್ಯ ಆಯಿಲ್ ಪೇಂಟ್‌ಗಿಂತ ಖಂಡಿತ ಮೇಲು. ಆದರೆ ಆ ಮಾತು ಹಲವು ಸಲ ಬಿಳಿ ಬೇಸ್‌ಗೆ ಮಾತ್ರ ಅನ್ವಯ. ಅಂಗಡಿಯಲ್ಲಿ ಬಣ್ಣ ಬೆರೆಸಿದಾಗ ವಿಒಸಿ ಮತ್ತೆ ಸೇರಬಹುದು. ಕಡು ಬಣ್ಣಕ್ಕೆ ಹೆಚ್ಚು ಬೆರೆಸಬೇಕಾಗುತ್ತದೆ. ಪ್ರೈಮರ್, ಪುಟ್ಟಿ, ಥಿನ್ನರ್, ಮರದ ಪಾಲಿಶ್ ಇವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಗೋಡೆಗೆ ಒಳ್ಳೆಯ ಪೇಂಟ್ ಹಚ್ಚಿ, ಬಾಗಿಲಿಗೆ ಥಿನ್ನರ್ ಬೆರೆಸಿದ ವಾರ್ನಿಷ್ ಬಳಿದರೆ ಏನು ಉಪಯೋಗ ಅಲ್ವಾ? ಪೇಂಟ್ ಒಣಗಿದ ದಿನವೇ ಮಲಗಲು ಹೋಗಬೇಡಿ. ಕೆಲವು ದಿನ ಕಿಟಕಿ ತೆರೆದಿರಲಿ, ಒಂದು ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುವಂತೆ ಇಡಿ. ಗರ್ಭಿಣಿಯರು ಈ ಕೆಲಸದಿಂದ ದೂರವಿರಲಿ.

ಹಳೆಯ ಮನೆ. ಗೋಡೆ, ಕಿಟಕಿಯ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ.

ಉಜ್ಜಬೇಡಿ. ಮೊದಲು ಸೀಸ ಇದೆಯೇ ಪರೀಕ್ಷೆ ಮಾಡಿಸಿ. ಹಳೆಯ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆಯಲ್ಲಿ ಸೀಸ ತುಂಬಾ ಇರುತ್ತಿತ್ತು. ಸೀಸಕ್ಕೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ತಟ್ಟುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ, ಧೂಳು ಹೊಟ್ಟೆ ಸೇರುತ್ತದೆ.

ಒಣ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಅಥವಾ ಬ್ಲೋಟಾರ್ಚ್‌ನಿಂದ ಸುಟ್ಟರೆ ಗೋಡೆಯಲ್ಲಿ ಸುಮ್ಮನಿದ್ದ ಸೀಸ ಮನೆಯೆಲ್ಲ ಹರಡುತ್ತದೆ. ಗಟ್ಟಿಯಾಗಿ ಕೂತಿರುವ ಹಳೇ ಬಣ್ಣದ ಮೇಲೆ ಹೊಸದು ಬಳಿದು ಮುಚ್ಚುವುದೇ ಎಷ್ಟೋ ಸಲ ಸರಿ. ತೆಗೆಯಲೇಬೇಕಾದರೆ ಒದ್ದೆ ಮಾಡಿ ಕೆರೆಯಬೇಕು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಬೇಕು, ಕೆಲಸ ಮುಗಿಯುವವರೆಗೆ ಮಕ್ಕಳು ಬೇರೆ ಕಡೆ ಇರಬೇಕು. ಹೊಸ ಪೇಂಟ್ ಕೊಳ್ಳುವಾಗ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 90 ಭಾಗ) ಕಡಿಮೆ ಎಂದು ಬರೆದಿರಬೇಕು. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟು, ಕೊಳವೆಗಳಿಗೂ ಇದೇ ನಿಯಮ. ಒಡೆಯದೆ ಕೊರೆಯದೆ ಇದ್ದರೆ ಎಳೆ ಗಾಳಿಗೆ ಬರುವುದಿಲ್ಲ, ಹಾಗಾಗಿ ಮುಟ್ಟಬೇಡಿ.

ಕ್ಲೀನಿಂಗ್‌ಗೆ ಯಾವುದನ್ನು ಬಳಸಬೇಕು, ಯಾವುದನ್ನು ಬಿಡಬೇಕು?

ಮೊದಲು ಬೆರೆಸುವುದನ್ನು ಬಿಡಬೇಕು. ಬ್ಲೀಚ್ ಜೊತೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಸೇರಿದರೂ ಅದೇ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಸೇರಿದರೆ ಕ್ಲೋರಮೈನ್ ಎಂಬ ಘಾಟು ಅನಿಲ. ‘ಎರಡೂ ಹಾಕಿದರೆ ಎರಡು ಪಟ್ಟು ಸ್ವಚ್ಛ’ ಅಂದುಕೊಂಡು ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಇದನ್ನು ಮಾಡಿ ಆಸ್ಪತ್ರೆ ಸೇರಿದವರಿದ್ದಾರೆ. ಅಂತರ್ಜಾಲದಲ್ಲಿ ಹರಿದಾಡುವ ಮನೆಮದ್ದಿನ ವಿಡಿಯೊಗಳಲ್ಲಿ ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಂದೇ ಬಾಟಲಿಗೆ ಸುರಿಯುವುದೂ ಕಾಣುತ್ತದೆ. ಅದರಿಂದ ಆಗುವುದು ಪೆರಾಸಿಟಿಕ್ ಆಸಿಡ್, ಕಣ್ಣು ಮತ್ತು ಶ್ವಾಸನಾಳಕ್ಕೆ ಕೆಟ್ಟದ್ದು. ತಪ್ಪಿ ಬೆರೆತು ಘಾಟು ಎದ್ದರೆ ತೊಳೆಯಲು ನಿಲ್ಲಬೇಡಿ, ಹೊರಗೆ ಬನ್ನಿ, ಬಾಗಿಲು ತೆರೆದಿಡಿ. ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಿ.

ದಿನನಿತ್ಯಕ್ಕೆ ಸೋಪು ನೀರು, ಒಂದು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಸಾಕು. ಕೊಳೆ ಹೋಗಿಸಲು ಕ್ರಿಮಿನಾಶಕ ಬೇಕಿಲ್ಲ. ಮನೆಯಲ್ಲಿ ಯಾರಿಗೋ ಅಂಟುರೋಗ ಬಂದಾಗ, ಹಸಿ ಮಾಂಸದ ನೀರು ಚೆಲ್ಲಿದಾಗ ಅದನ್ನು ತೆಗೆಯಿರಿ, ಉಳಿದಂತೆ ಕಪಾಟಿನಲ್ಲೇ ಇರಲಿ. ‘ಆಂಟಿಬ್ಯಾಕ್ಟೀರಿಯಲ್’ ಸೋಪಿಗೂ ಇದೇ ಮಾತು. ಟ್ರೈಕ್ಲೋಸಾನ್ ಎಂಬ ಬ್ಯಾಕ್ಟೀರಿಯಾ ನಾಶಕ ಸೇರಿ 19 ವಸ್ತುಗಳು ಮಾಮೂಲಿ ಸೋಪಿಗಿಂತ ಮೇಲು ಅಂತ ತಯಾರಕರು ತೋರಿಸಿಕೊಡಲಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಕೈಸೋಪುಗಳಲ್ಲಿ ಅವನ್ನು ನಿಷೇಧಿಸಿತು.

ಸ್ಪ್ರೇಗಿಂತ ದ್ರವ ಮೇಲು. ಸ್ಪ್ರೇ ಹೊಡೆದರೆ ಸೂಕ್ಷ್ಮ ಹನಿ ನೇರ ಮೂಗಿಗೆ ಬರುತ್ತದೆ. ಅದನ್ನೇ ಬಟ್ಟೆಗೆ ಹಾಕಿಕೊಂಡು ಒರೆಸಿದರೆ ಆ ತೊಂದರೆ ಇಲ್ಲ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 6,000ಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಲ್ಲೋ ಕೆಲಸಕ್ಕಾಗಿಯೋ ಕ್ಲೀನಿಂಗ್ ಮಾಡುತ್ತಿದ್ದ ಹೆಂಗಸರ ಶ್ವಾಸಕೋಶದ ಸಾಮರ್ಥ್ಯ ಮಾಡದವರಿಗಿಂತ ಬೇಗ ಕುಗ್ಗಿತ್ತು. ಮನೆಗೆಲಸಕ್ಕೆ ಬರುವವರಿಗೆ ಘಾಟು ದ್ರಾವಣ ಕೊಡುವ ಮೊದಲು ಇದೊಂದು ನೆನಪಿರಲಿ.

ರೂಮ್ ಫ್ರೆಶ್‌ನರ್, ಪರಿಮಳದ ಮೇಣದಬತ್ತಿ, ಊದುಬತ್ತಿ?

ರೂಮ್ ಫ್ರೆಶ್‌ನರ್ ಗಾಳಿಯನ್ನು ತಾಜಾ ಮಾಡುವುದಿಲ್ಲ, ಇರುವ ಗಾಳಿಗೆ ಇನ್ನಷ್ಟು ಕೆಮಿಕಲ್ ಸೇರಿಸುತ್ತದೆ. ನಿಂಬೆ, ಪೈನ್ ಪರಿಮಳದಲ್ಲಿರುವ ಲಿಮೊನೀನ್, ಪೈನೀನ್‌ಗಳು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳನ್ನು ಹುಟ್ಟಿಸುತ್ತವೆ. ಪರಿಮಳ ಗಿಡದಿಂದ ಬಂದಿದ್ದರೂ ಅಷ್ಟೇ. ಲೇಬಲ್‌ನಲ್ಲಿ ‘ಫ್ರಾಗ್ರೆನ್ಸ್’ ಎಂಬ ಒಂದು ಪದದ ಹಿಂದೆ ಹತ್ತಾರು ವಸ್ತುಗಳು ಅಡಗಿರಬಹುದು.

ಊದುಬತ್ತಿ, ಮೇಣದಬತ್ತಿ ಉರಿದರೆ ಹೊಗೆಯೇ. ಬಿಡಲಾಗದಿದ್ದರೆ ಕಡಿಮೆ ಮಾಡಿ, ಕಿಟಕಿ ಹತ್ತಿರ ಹಚ್ಚಿ, ಉಸಿರಾಟದ ತೊಂದರೆ ಇರುವವರ ಕೋಣೆಯಲ್ಲಿ ಬೇಡ. ಇನ್ನು ಸಿಗರೇಟ್. ಮನೆಯೊಳಗೆ ಸೇದುವವರು ಇದ್ದರೆ ಈ ಪುಟದ ಉಳಿದ ಸಲಹೆಗಳಿಂದ ಹೆಚ್ಚೇನೂ ಆಗದು. ಬಾಲ್ಕನಿಯಲ್ಲಿ ಸೇದಿದರೂ ಬಟ್ಟೆಯ ಮೇಲೆ, ಕೈಯಲ್ಲಿ ನಿಕೋಟಿನ್ ಒಳಗೆ ಬರುತ್ತದೆ.

ಸೊಳ್ಳೆ, ಜಿರಳೆಗೆ ಏನು ಮಾಡುವುದು? ಕೆಮಿಕಲ್ ಇಲ್ಲದೆ ಆಗುತ್ತದಾ?

ಸೊಳ್ಳೆಯಿಂದ ಬರುವ ರೋಗವೂ ಸಣ್ಣದಲ್ಲ. ಹಾಗಾಗಿ ‘ಏನೂ ಬಳಸಬೇಡಿ’ ಅನ್ನುವುದು ಜವಾಬ್ದಾರಿಯ ಮಾತಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವುದು ಕೆಟ್ಟ ಆಯ್ಕೆ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5 ಪ್ರಮಾಣ 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ, ನೀರು ನಿಲ್ಲದಂತೆ ನೋಡಿಕೊಳ್ಳುವುದು, ಫ್ಯಾನ್ ಗಾಳಿ, ಬೇಕಾದರೆ ಮೈಗೆ ಹಚ್ಚುವ ಕ್ರೀಮ್. ಇಷ್ಟರಲ್ಲಿ ಬಹುಪಾಲು ಮನೆಗಳಲ್ಲಿ ಸುಧಾರಿಸುತ್ತದೆ.

ಜಿರಳೆಗೆ ಸ್ಪ್ರೇ ಬದಲು ಜೆಲ್ ಹಚ್ಚಿ. ಸಂದಿಯಲ್ಲಿ ಚುಕ್ಕಿ ಇಟ್ಟರೆ ಸಾಕು, ಗಾಳಿಗೆ ಬಹುತೇಕ ಏನೂ ಬರುವುದಿಲ್ಲ, ಸ್ಪ್ರೇಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಂಕ್ ಕೆಳಗಿನ ಸೋರಿಕೆ ನಿಲ್ಲಿಸಿ. ಜಿರಳೆಗೆ ಊಟಕ್ಕಿಂತ ನೀರು ಮುಖ್ಯ.

ಬಟ್ಟೆ ಕಪಾಟಿನಲ್ಲಿ ನುಸಿಗುಳಿಗೆ ಇಡಬಹುದಾ?

ಬೇಡ. ನುಸಿಗುಳಿಗೆಯಲ್ಲಿರುವುದು ನ್ಯಾಫ್ತಲೀನ್ ಅಥವಾ ಪ್ಯಾರಾಡೈಕ್ಲೋರೋಬೆಂಜೀನ್. ಎರಡೂ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಿಗೆ ನ್ಯಾಫ್ತಲೀನ್ ಆವಿ ತಾಗಿದ ಬಟ್ಟೆ ಹಾಕಿದರೆ ರಕ್ತಕಣ ಒಡೆಯಬಹುದು. ಎತ್ತಿಟ್ಟ ಕೂಸಿನ ಬಟ್ಟೆಯನ್ನು ಒಗೆಯದೆ ಹಾಕಲೇಬೇಡಿ. ಬಟ್ಟೆ ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬ ಅಥವಾ ಜಿಪ್ ಚೀಲದಲ್ಲಿಟ್ಟರೆ ಹುಳ ಬರುವುದಿಲ್ಲ.

ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಅಲ್ವಾ?

ಕಣ್ಣಿಗೆ ತಂಪು, ಮನಸ್ಸಿಗೆ ಖುಷಿ. ಗಾಳಿಗೆ ಏನೂ ಇಲ್ಲ. ಈ ನಂಬಿಕೆ ಬೆಳೆದದ್ದು ನಾಸಾ 1989ರಲ್ಲಿ ಮಾಡಿದ ಪ್ರಯೋಗದಿಂದ. ಅದು ನಡೆದದ್ದು ಸಣ್ಣ, ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ. ಮನೆ ಅಂಥದ್ದಲ್ಲ. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2019ರಲ್ಲಿ ಲೆಕ್ಕ ಮಾಡಿದರು. ಸಾಮಾನ್ಯ ಗಾಳಿಯಾಟ ಮಾಡುವಷ್ಟೇ ಕೆಲಸ ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ಮಲಗಲು ಜಾಗ ಉಳಿಯುವುದಿಲ್ಲ ಬಿಡಿ.

ಏರ್ ಪ್ಯೂರಿಫೈಯರ್ ಕೊಳ್ಳಲೇಬೇಕು ಅಂದರೆ ಏನು ನೋಡಬೇಕು?

ಎರಡು ವಿಷಯ. ಹೆಪಾ ಫಿಲ್ಟರ್ ಮತ್ತು ಸಿಎಡಿಆರ್. ಹೆಪಾ ಅಂದರೆ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿಯುವಂಥದ್ದು. 0.3 ಯಾಕೆ? ಹೆಚ್ಚುಕಡಿಮೆ ಆ ಗಾತ್ರದ ಕಣವೇ ಫಿಲ್ಟರಿಗೆ ಅತಿ ಕಷ್ಟ. ಅದಕ್ಕಿಂತ ದೊಡ್ಡವೂ ಸಣ್ಣವೂ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತವೆ. ‘ಹೆಪಾ ಟೈಪ್’, ‘ಹೆಪಾದಂಥ’ ಅಂತ ಬರೆದಿದ್ದರೆ ಅದು ಹೆಪಾ ಅಲ್ಲ.

ಸಿಎಡಿಆರ್ ಅಂದರೆ ಯಂತ್ರ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅನ್ನುವ ಅಳತೆ. ಕೋಣೆಯ ಚದರ ಅಡಿಯ ಮೂರನೇ ಎರಡು ಭಾಗದಷ್ಟಾದರೂ ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಇರಬೇಕು. 150 ಚದರ ಅಡಿ ಕೋಣೆಗೆ 100 ಸಿಎಫ್‌ಎಂ, ಅಂದರೆ ಗಂಟೆಗೆ ಸುಮಾರು 170 ಘನ ಮೀಟರ್. ಈ ಅಂಕಿ ಸಿಗುವುದು ಯಂತ್ರ ಪೂರ್ತಿ ವೇಗದಲ್ಲಿ ಗುಂಯ್‌ಗುಡುವಾಗ. ರಾತ್ರಿ ಸದ್ದಿಗೆ ಬೇಸತ್ತು ಕಡಿಮೆ ವೇಗದಲ್ಲಿಟ್ಟರೆ ಅರ್ಧಕ್ಕಿಂತಲೂ ಕಮ್ಮಿ ಸಿಗಬಹುದು. ಅದಕ್ಕೆ ಕೋಣೆಗೆ ಬೇಕಾದ್ದಕ್ಕಿಂತ ಒಂದು ಸೈಜು ದೊಡ್ಡದು ಕೊಂಡು ನಿಧಾನಕ್ಕೆ ಓಡಿಸುವುದು ಜಾಣತನ. ಮೂಲೆಗೆ ತಳ್ಳಬೇಡಿ, ಸೋಫಾ ಹಿಂದೆ ಇಡಬೇಡಿ. ಮಲಗುವ ಕೋಣೆಯಲ್ಲಿರಲಿ, ಅಲ್ಲಿ ನಾವು ಅತಿ ಹೆಚ್ಚು ಹೊತ್ತು ಇರುತ್ತೇವೆ.

ಹೆಪಾ ಕಣಕ್ಕೆ ಮಾತ್ರ. ಆವಿ ಹಿಡಿಯಲು ಆಕ್ಟಿವೇಟೆಡ್ ಕಾರ್ಬನ್ ಬೇಕು, ಅದೂ ಕಿಲೋಗಟ್ಟಲೆ. ಬಹಳಷ್ಟು ಯಂತ್ರಗಳಲ್ಲಿ ಇರುವುದು ಕಾರ್ಬನ್ ಪುಡಿ ಉದುರಿಸಿದ ತೆಳು ಹಾಳೆ. ಅದು ಬೇಗ ತುಂಬಿ ಹೋಗುತ್ತದೆ. ಫಾರ್ಮಾಲ್ಡಿಹೈಡನ್ನು ಸಾದಾ ಕಾರ್ಬನ್ ಅಷ್ಟಾಗಿ ಹಿಡಿಯುವುದೂ ಇಲ್ಲ.

ಓಝೋನ್ ಬಿಡುವ ಯಂತ್ರವನ್ನು ಯಾರು ಹೇಳಿದರೂ ಕೊಳ್ಳಬೇಡಿ. ಓಝೋನ್ ಶ್ವಾಸಕೋಶಕ್ಕೆ ನೇರ ಹಾನಿ ಮಾಡುವ ಅನಿಲ. ಮನೆಯಲ್ಲಿ ಬಳಸುವ ಗಾಳಿ ಯಂತ್ರಗಳು ಹೊರಬಿಡುವ ಓಝೋನ್ 0.050 ಪಿಪಿಎಂ ದಾಟಬಾರದು ಎಂದು ಕ್ಯಾಲಿಫೋರ್ನಿಯಾ ನಿಯಮವನ್ನೇ ತಂದಿದೆ. ‘ಅಯಾನೈಸರ್’, ‘ಪ್ಲಾಸ್ಮಾ’ ಅಂತ ಬಟನ್ ಇದ್ದರೆ ಆಫ್ ಮಾಡಿಡಿ.

ದುಡ್ಡು ಉಳಿಸಬೇಕಾ? ಎಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ಉದ್ಯಮದ ಜಿಮ್ ರೋಸೆಂತಾಲ್ 2020ರಲ್ಲಿ ಹೊರತಂದ ಪೆಟ್ಟಿಗೆ ಇದೆ. ನಾಲ್ಕೈದು ಮರ್ವ್ 13 ದರ್ಜೆಯ (ಸೂಕ್ಷ್ಮ ಕಣ ಹಿಡಿಯುವ) ಫಿಲ್ಟರ್‌ಗಳನ್ನು ಚೌಕವಾಗಿ ಜೋಡಿಸಿ ಮೇಲೆ ಒಂದು ಬಾಕ್ಸ್ ಫ್ಯಾನ್ ಇಟ್ಟು ಟೇಪ್ ಸುತ್ತುವುದು. ನೋಡಲು ಚಂದವಿಲ್ಲ. ಕಣ ಹಿಡಿಯುವುದರಲ್ಲಿ ದುಬಾರಿ ಯಂತ್ರಗಳಿಗೆ ಸಾಟಿ.

ಗಾಳಿ ಅಳೆಯುವ ಸಣ್ಣ ಮೀಟರ್‌ಗಳನ್ನು ನಂಬಬಹುದಾ?

ಪಿಎಂ 2.5 ಮೀಟರನ್ನು ಒಂದು ಮಟ್ಟಿಗೆ ನಂಬಬಹುದು. ನಿಖರ ಅಂಕಿಗಿಂತ ಏರಿಳಿತ ನೋಡಿ. ಅಡುಗೆ ಮಾಡುವಾಗ ಎಷ್ಟು ಏರಿತು, ಕಿಟಕಿ ತೆರೆದರೆ ಎಷ್ಟು ಹೊತ್ತಿಗೆ ಇಳಿಯಿತು ಅಂತ. ತೇವ ತುಂಬಾ ಇರುವ ದಿನ ಅದು ಜಾಸ್ತಿ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗುರಿ ವರ್ಷದ ಸರಾಸರಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ, ಒಂದು ದಿನಕ್ಕೆ 15. ವಿಒಸಿ ಅಂಕಿಯನ್ನು ಮಾತ್ರ ಬಹಳ ತಲೆಗೆ ಹಚ್ಚಿಕೊಳ್ಳಬೇಡಿ. ಸ್ಯಾನಿಟೈಸರ್ ಹಚ್ಚಿಕೊಂಡರೂ ಅದು ಕಿರುಚುತ್ತದೆ, ಯಾವ ಆವಿ ಎಂದು ಹೇಳುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ಮೀಟರ್ ಉಪಯುಕ್ತ. ಹೊರಗಿನ ಗಾಳಿಯಲ್ಲಿ ಈಗ 420 ಪಿಪಿಎಂ ದಾಟಿದೆ. ಕೋಣೆಯಲ್ಲಿ 1000 ದಾಟಿದರೆ ಗಾಳಿಯಾಟ ಸಾಲದು ಎಂದರ್ಥ. ಈ 1000ದ ಗೆರೆಯನ್ನು ಎಳೆದವರೂ ಪೆಟೆನ್‌ಕೋಫರ್. ‘ಎನ್‌ಡಿಐಆರ್’ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವುದನ್ನೇ ಕೊಳ್ಳಿ. ತೀರಾ ಅಗ್ಗದವು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಊಹೆ ಮಾಡುತ್ತವೆ.

ಹೊರಗೆ ಹೊಗೆ ಇರುವಾಗ ಕಿಟಕಿ ತೆರೆಯುವುದಾ, ಮುಚ್ಚುವುದಾ?

ಹೊತ್ತು ನೋಡಿ ತೆರೆಯಬೇಕು. ವಾಹನ ಕಮ್ಮಿ ಇರುವ ಹೊತ್ತಿನಲ್ಲಿ, ಮಳೆ ಬಂದು ನಿಂತ ಮೇಲೆ, ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದರೆ ಗಾಳಿ ಬದಲಾಗುತ್ತದೆ. ದಿನವಿಡೀ ಒಂದು ಕಿಟಕಿಯನ್ನು ಸಂದಿ ಬಿಡುವುದಕ್ಕಿಂತ ಇದು ಒಳ್ಳೆಯದು. ಹೊರಗೆ ತೀರಾ ಕೆಟ್ಟಿದ್ದ ದಿನ ಮುಚ್ಚಿ, ಪ್ಯೂರಿಫೈಯರ್ ಓಡಿಸಿ, ಅಂದು ಕರಿಯುವುದು ಹುರಿಯುವುದು ಬೇಡ.

ಗೋಡೆಯಲ್ಲಿ ಬೂಷ್ಟು ಬರುತ್ತಲೇ ಇದೆ.

ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಬಣ್ಣ ಬಳಿದರೆ ಮತ್ತೆ ಬರುತ್ತದೆ. ಸೋರಿಕೆ ನಿಲ್ಲಿಸಿ. ನೆನೆದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಹತ್ತುವುದಿಲ್ಲ. ಸ್ನಾನವಾದ ಮೇಲೆ ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಗಾಳಿಯ ತೇವ 30ರಿಂದ 50 ಶೇಕಡಾ ನಡುವೆ ಇದ್ದರೆ ಬೂಷ್ಟಿಗೂ ಹಾಸಿಗೆಯ ಧೂಳುನುಸಿಗೂ ಕಷ್ಟ.

ಧೂಳು ಹೊಡೆಯುವುದಕ್ಕೂ ಕೆಮಿಕಲ್‌ಗೂ ಏನು ಸಂಬಂಧ?

ಹತ್ತಿರದ ಸಂಬಂಧ. ಪ್ಲಾಸ್ಟಿಕ್ ಮೆದು ಮಾಡುವ ಥ್ಯಾಲೇಟ್, ಸೋಫಾ ಫೋಮಿನ ಬೆಂಕಿ ನಿರೋಧಕ, ಕೀಟನಾಶಕ, ಸೀಸ ಎಲ್ಲವೂ ಕೊನೆಗೆ ಬಂದು ಕೂರುವುದು ಧೂಳಿನಲ್ಲಿ. ಒಣ ಪೊರಕೆಯಿಂದ ಗುಡಿಸಿದರೆ ಸೂಕ್ಷ್ಮ ಧೂಳು ಮೇಲೆದ್ದು ಮತ್ತೆ ಇಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಥವಾ ಹೆಪಾ ಇರುವ ವ್ಯಾಕ್ಯೂಮ್ ಬಳಸಿ. ಚಪ್ಪಲಿ ಹೊರಗಿರಲಿ. ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ.

ನಾನ್‌ಸ್ಟಿಕ್ ಪಾತ್ರೆ, ಪ್ಲಾಸ್ಟಿಕ್ ಡಬ್ಬ ಎಲ್ಲ ಎಸೆಯಬೇಕಾ?

ನಾನ್‌ಸ್ಟಿಕ್ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ಖಾಲಿ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಮರೆತರೆ ಕೆಲವೇ ನಿಮಿಷಗಳಲ್ಲಿ ಅಷ್ಟು ಕಾಯುತ್ತದೆ. ಅದರ ಹೊಗೆಗೆ ಮನೆಯಲ್ಲಿ ಸಾಕಿದ ಹಕ್ಕಿಗಳು ಸತ್ತ ಉದಾಹರಣೆಗಳಿವೆ. ಸಣ್ಣ ಉರಿ, ಮರದ ಸೌಟು, ಲೇಪ ಎದ್ದ ಮೇಲೆ ಪಾತ್ರೆಗೆ ವಿದಾಯ. ಕಬ್ಬಿಣ, ಸ್ಟೀಲ್‌ಗೆ ಬದಲಾಯಿಸಿದರೆ ಇದ್ಯಾವ ತಲೆಬಿಸಿಯೂ ಇಲ್ಲ.

ಪ್ಲಾಸ್ಟಿಕ್‌ನಲ್ಲಿ ಒಣ ಪದಾರ್ಥ ಇಡಬಹುದು. ಬಿಸಿ ಮಾಡಬೇಡಿ, ಬಿಸಿಯಾದದ್ದನ್ನು ಸುರಿಯಬೇಡಿ. ‘ಬಿಪಿಎ (ಪ್ಲಾಸ್ಟಿಕ್ ತಯಾರಿಕೆಯ ಒಂದು ರಾಸಾಯನಿಕ) ಇಲ್ಲ’ ಎಂದಿದ್ದರೂ ಅದೇ ಜಾತಿಯ ಬಿಪಿಎಸ್ ಇರಬಹುದು.

ರೇಡಾನ್ ಅಂದರೇನು? ಎಲ್ಲರೂ ತಲೆ ಕೆಡಿಸಿಕೊಳ್ಳಬೇಕಾ?

ಮಣ್ಣು, ಬಂಡೆಗಳಲ್ಲಿರುವ ಯುರೇನಿಯಂನಿಂದ ಹುಟ್ಟುವ ವಿಕಿರಣದ ಅನಿಲ. ನೆಲದ ಬಿರುಕುಗಳಿಂದ ಒಳಗೆ ಬರುತ್ತದೆ. ಹಲವು ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟ್ ಬಿಟ್ಟರೆ ಇದೇ ದೊಡ್ಡ ಕಾರಣ. ನೆಲಮಾಳಿಗೆ ಇದ್ದರೆ ಅಥವಾ ನೆಲಮಹಡಿಯಲ್ಲಿ ವಾಸವಿದ್ದರೆ ಒಮ್ಮೆ ಅಳೆಸುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಘನ ಮೀಟರ್‌ಗೆ 100 ಬೆಕೆರೆಲ್ (ವಿಕಿರಣದ ಅಳತೆ). ಮೇಲಿನ ಮಹಡಿಗಳಲ್ಲಿ ಇದು ಸಾಮಾನ್ಯವಾಗಿ ಕಡಿಮೆ.

ಇಷ್ಟು ಓದಿದ ಮೇಲೆ ಮನೆಯಲ್ಲಿರುವ ಡಬ್ಬಗಳನ್ನೆಲ್ಲ ಇವತ್ತೇ ಎಸೆಯೋಣ ಅನ್ನಿಸುತ್ತಿದೆ. ಎಸೆಯಲಾ?

ಚರಂಡಿಗೆ ಸುರಿಯಬೇಡಿ, ಸುಡಬೇಡಿ, ಮಾಮೂಲಿ ಕಸದ ಬುಟ್ಟಿಗೂ ಹಾಕಬೇಡಿ. ಉಳಿದ ಪೇಂಟ್, ಥಿನ್ನರ್, ಕೀಟನಾಶಕ, ಆಸಿಡ್‌ಗಳನ್ನು ಅದರದೇ ಡಬ್ಬದಲ್ಲಿ ಮುಚ್ಚಳ ಬಿಗಿದು ಮನೆಯಿಂದ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೀರಿನ ಬಾಟಲಿಗೆ ತುಂಬಿಸಿಡುವುದು ಯಾವ ಕಾರಣಕ್ಕೂ ಬೇಡ. ಅಪಾಯಕಾರಿ ಕಸವನ್ನು ಬೇರೆಯಾಗಿ ತೆಗೆದುಕೊಳ್ಳುವ ವ್ಯವಸ್ಥೆಗೆ ಕೊಡಿ.

ಹಳೇ ಸಿಎಫ್‌ಎಲ್ ಬಲ್ಬ್ ಅಥವಾ ಪಾದರಸದ ಥರ್ಮಾಮೀಟರ್ ಇದ್ದರೆ ಅದನ್ನೂ ಅದರ ಜೊತೆಗೇ ಕೊಟ್ಟುಬಿಡಿ. ಅಷ್ಟರೊಳಗೆ ಬಲ್ಬ್ ಒಡೆದರೆ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ, ಹತ್ತು ನಿಮಿಷ ಕಿಟಕಿ ತೆರೆದಿಡಿ. ಗುಡಿಸಬೇಡಿ, ವ್ಯಾಕ್ಯೂಮ್ ಅಂತೂ ಬೇಡ, ಅದು ಪಾದರಸವನ್ನು ಗಾಳಿಗೆ ಎಬ್ಬಿಸುತ್ತದೆ. ಚೂರುಗಳನ್ನು ದಪ್ಪ ರಟ್ಟಿನಿಂದ ಒಟ್ಟು ಮಾಡಿ, ಪುಡಿಯನ್ನು ಅಂಟು ಟೇಪಿನಿಂದ ಎತ್ತಿ, ಮುಚ್ಚಳವಿರುವ ಗಾಜಿನ ಶೀಶೆಗೆ ಹಾಕಿ.